ಹೂವಿಗೆ ಬರುತ್ತಿದ್ದ ಹುಳಗಳು ಎಲ್ಲಿ ಹೋದವು? ಪದೇ ಪದೇ ಕೇಳುವ ಪ್ರಶ್ನೆಗಳು

ಜೇನು, ಚಿಟ್ಟೆ, ದುಂಬಿಗಳು ಕಮ್ಮಿಯಾಗುತ್ತಿವೆ ಎಂಬ ಮಾತು ಬಂದಾಗಲೆಲ್ಲ ನನ್ನ ಮುಂದೆ ಅದೇ ಅದೇ ಪ್ರಶ್ನೆಗಳು ಬಂದು ನಿಲ್ಲುತ್ತವೆ. ಕೆಲವು ಯೋಚಿಸಿ ಕೇಳಿದವು, ಕೆಲವು ವಾಟ್ಸಾಪ್‌ನಿಂದ ಹಾರಿಬಂದವು. ಎರಡಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ. ಮೇಲಿಂದ ಕೆಳಗೆ ಓದಲೇಬೇಕು ಅಂತೇನಿಲ್ಲ.

ಪರಾಗಸ್ಪರ್ಶ ಅಂದರೆ ಏನು? ಶಾಲೆಯಲ್ಲಿ ಓದಿದ್ದು ಮರೆತುಹೋಗಿದೆ.

ಹೂವಿನ ಗಂಡು ಭಾಗದಲ್ಲಿ ಪರಾಗ ಎಂಬ ಪುಡಿ ಇರುತ್ತದೆ. ಅದು ಅದೇ ಜಾತಿಯ ಹೂವಿನ ಹೆಣ್ಣು ಭಾಗದ ತುದಿಗೆ ತಲುಪಬೇಕು. ತಲುಪಿದರೆ ಬೀಜ, ಕಾಯಿ. ಇಲ್ಲದಿದ್ದರೆ ಹೂ ಬಾಡಿ ಉದುರುತ್ತದೆ, ಅಷ್ಟೇ. ಗಿಡಕ್ಕೆ ಕಾಲಿಲ್ಲ. ಹಾಗಾಗಿ ಗಾಳಿಯೋ ನೀರೋ ಪ್ರಾಣಿಯೋ ಈ ಸಾಗಾಟ ಮಾಡಿಕೊಡಬೇಕು. ಹೂ ಬಿಡುವ ಗಿಡಗಳಲ್ಲಿ ನೂರಕ್ಕೆ ಸುಮಾರು 87 ಜಾತಿಗಳು ಪ್ರಾಣಿಗಳನ್ನೇ ನಂಬಿಕೊಂಡಿವೆ. ಬಾವಲಿ, ಹಕ್ಕಿಗಳೂ ಈ ಕೆಲಸ ಮಾಡುತ್ತವೆ. ಆದರೆ ದೊಡ್ಡ ಪಾಲು ಕೀಟಗಳದ್ದು.

ಹುಳಕ್ಕೆ ತಾನೊಂದು ಉಪಕಾರ ಮಾಡುತ್ತಿದ್ದೇನೆ ಎಂಬ ಅರಿವೇನೂ ಇಲ್ಲ. ಅದು ಬರುವುದು ಹೊಟ್ಟೆಪಾಡಿಗೆ. ಹಾರುವಾಗ ಜೇನಿನ ಮೈಗೆ ಒಂಚೂರು ವಿದ್ಯುತ್ ಸೇರಿಕೊಂಡಿರುತ್ತದೆ. ಹೂವಿನ ಹತ್ತಿರ ಬರುತ್ತಿದ್ದಂತೆ ಪರಾಗದ ಕಣಗಳು ತಾವಾಗಿಯೇ ಅದರ ರೋಮಕ್ಕೆ ಹಾರಿ ಅಂಟುತ್ತವೆ. ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ಆಡಿದ್ದೀರಲ್ವಾ? ಅದೇ ಇದು.

ಪರಾಗ ಒಯ್ಯುವುದು ಜೇನುನೊಣ ತಾನೇ?

ಎಡವಟ್ಟು ಶುರುವಾಗುವುದೇ ಇಲ್ಲಿಂದ. ಜೇನಿನ ಬಳಗದಲ್ಲಿ ಈವರೆಗೆ ಗುರುತಿಸಿರುವ ಜಾತಿಗಳೇ 20,000ಕ್ಕಿಂತ ಜಾಸ್ತಿ. ನಮಗೆ ಹೆಸರು ಗೊತ್ತಿರುವ ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು, ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನು ಎಲ್ಲ ಸೇರಿಸಿದರೂ ಅದರಲ್ಲೊಂದು ಸಣ್ಣ ಹಿಡಿ. ಉಳಿದವುಗಳಲ್ಲಿ ಬಹುಪಾಲು ಒಂಟಿ ಜೇನುಗಳು. ರಾಣಿ ಇಲ್ಲ, ಆಳುಗಳಿಲ್ಲ, ತುಪ್ಪ ಕೂಡಿಡುವುದಿಲ್ಲ. ಒಬ್ಬಳೇ ತಾಯಿ ಬಿಲ ತೋಡಿ, ಪರಾಗದ ಉಂಡೆ ಕಟ್ಟಿ, ಅದರ ಮೇಲೊಂದು ಮೊಟ್ಟೆಯಿಟ್ಟು ಆ ಕೋಣೆಯ ಬಾಯಿ ಮುಚ್ಚುತ್ತಾಳೆ. ಆಮೇಲೆ ಇನ್ನೊಂದು ಕೋಣೆ. ಹೀಗೆ ಒಟ್ಟು ಹತ್ತಿಪ್ಪತ್ತು ಮೊಟ್ಟೆ ಇಡುವಷ್ಟರಲ್ಲಿ ಅವಳ ಆಯುಷ್ಯ ಮುಗಿದಿರುತ್ತದೆ.

ಇವಲ್ಲದೆ ಚಿಟ್ಟೆ, ಪತಂಗ, ಕಣಜ, ಜೀರುಂಡೆಗಳಿವೆ. ನಾವು ಅಸಹ್ಯಪಡುವ ನೊಣಗಳೂ ಇವೆ. ಚಾಕೊಲೇಟ್ ಇಷ್ಟ ಅನ್ನುವವರು ಒಮ್ಮೆ ಕೋಕೋ ಹೂವನ್ನು ನೋಡಬೇಕು. ಅದರ ಕೆಲಸ ನಡೆಯುವುದು ಹೆಚ್ಚಾಗಿ ಒಂದರಿಂದ ಮೂರು ಮಿಲಿಮೀಟರ್ ಉದ್ದದ ಗುಂಗಾಡಿನಂಥ ನೊಣಗಳಿಂದ. ಅವು ಮರಿ ಮಾಡುವುದು ಮರದ ಕೆಳಗೆ ಕೊಳೆಯುವ ಎಲೆಗಳ ರಾಶಿಯಲ್ಲಿ. ತೋಟ ಚೊಕ್ಕಟವಾಗಿರಲಿ ಅಂತ ಎಲೆಗಳನ್ನೆಲ್ಲ ಗುಡಿಸಿದರೆ ಅವುಗಳ ಮನೆಯೂ ಕಸದ ಜೊತೆಗೇ ಹೋಯಿತು.

ಹುಳ ಯಾವುದಾದರೇನು? ಒಂದು ಹೋದರೆ ಇನ್ನೊಂದು ಬರುತ್ತದೆ.

ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಟೊಮೆಟೊ ಗಿಡದ ಹತ್ತಿರ ಸುಮ್ನೆ ಕೂತು ನೋಡಿ. ಟೊಮೆಟೊ ಹೂವಿನ ಪರಾಗ ಹೊರಗೆ ಕಾಣುವುದಿಲ್ಲ. ಹಳದಿ ಕೊಳವೆಯೊಳಗೆ ಬಚ್ಚಿಟ್ಟುಕೊಂಡಿರುತ್ತದೆ, ಉಪ್ಪಿನ ಡಬ್ಬಿಯೊಳಗಿನ ಉಪ್ಪಿನ ಹಾಗೆ. ನೀಲಿ ಪಟ್ಟೆಯ ಜೇನೊಂದು ಬಂದು ಹೂವಿಗೆ ತಲೆಕೆಳಗಾಗಿ ನೇತುಬೀಳುತ್ತದೆ. ಕೊಳವೆಯನ್ನು ತಬ್ಬಿಕೊಂಡು ರೆಕ್ಕೆ ಮಡಚುತ್ತದೆ. ಆಮೇಲೆ ರೆಕ್ಕೆ ಬಡಿಯದೆ ಹಾರುವ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಅಲ್ಲಿಯವರೆಗೆ ಇದ್ದ ಗುಂಯ್ ಎಂಬ ಸದ್ದು ಇದ್ದಕ್ಕಿದ್ದಂತೆ ಕೀರಲಾಗುತ್ತದೆ. ಕೊಳವೆಯ ತುದಿಯಿಂದ ಪರಾಗ ಹೊಗೆಯ ಹಾಗೆ ಚಿಮ್ಮಿ ಅದರ ಹೊಟ್ಟೆಯ ಮೇಲೆ ಬೀಳುತ್ತದೆ. ಎಲ್ಲ ಸೇರಿ ಒಂದೆರಡು ಸೆಕೆಂಡ್.

ಪೆಟ್ಟಿಗೆಯ ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಎಷ್ಟು ಪೆಟ್ಟಿಗೆ ತಂದಿಟ್ಟರೂ ಬರುವುದಿಲ್ಲ. ಗಾಳಿಗೆ ಅಲುಗಿ ಟೊಮೆಟೊ ಒಂದಷ್ಟು ಕಾಯಿ ಕಚ್ಚುತ್ತದೆ, ನಿಜ. ಆದರೆ ಹೀಗೆ ನಡುಗಿಸಿದ ಹೂವಿನಲ್ಲಿ ಕಾಯಿ ದಪ್ಪ, ಬೀಜ ಜಾಸ್ತಿ. ಬದನೆಯದ್ದೂ ಇದೇ ಕಥೆ.

ಇನ್ನೆರಡು ಉದಾಹರಣೆ ಕೊಡುತ್ತೇನೆ. ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ಬ್ರಿಟಿಷರು ದನಗಳ ಮೇವಿಗೆಂದು ಕೆಂಪು ಕ್ಲೋವರ್ ಬಿತ್ತಿದರು. ಮೇವು ಚೆನ್ನಾಗಿ ಬಂತು, ಬೀಜ ಮಾತ್ರ ಸರಿಯಾಗಿ ಕಟ್ಟಲಿಲ್ಲ. ಅದರ ಹೂವಿನ ಆಳಕ್ಕೆ ನಾಲಿಗೆ ಚಾಚಬಲ್ಲ ಬಂಬಲ್‌ಬೀ ಎಂಬ ದಪ್ಪ ಜೇನು ಅಲ್ಲಿರಲಿಲ್ಲ. 1885ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಅವನ್ನು ತರಿಸಿ ಬಿಟ್ಟ ಮೇಲೆ ಬೀಜ ಆಯಿತು. ಮಲೇಷ್ಯಾದ ತಾಳೆ ಎಣ್ಣೆ ತೋಟಗಳಲ್ಲಿ ಒಂದು ಕಾಲಕ್ಕೆ ಕೂಲಿಯಾಳುಗಳೇ ಹೂಗೊಂಚಲಿಗೆ ಪರಾಗ ಉದುರಿಸುತ್ತಿದ್ದರು. 1981ರಲ್ಲಿ ಆ ಮರದ ತವರಾದ ಆಫ್ರಿಕಾದ ಕ್ಯಾಮರೂನ್‌ನಿಂದ ಒಂದು ಚಿಕ್ಕ ಮೂತಿಹುಳವನ್ನು ತಂದು ಬಿಟ್ಟರು. ಕೂಲಿಯ ಕೆಲಸವೇ ಬೇಡವಾಯಿತು, ಇಳುವರಿಯೂ ಏರಿತು.

ಕಮ್ಮಿಯಾಗುತ್ತಿವೆ ಅಂತ ಹೇಳುವವರು ಯಾರು? ಹುಳಗಳನ್ನು ಎಣಿಸಲು ಆಗುತ್ತದಾ?

ಒಂದೊಂದಾಗಿ ಎಣಿಸುವುದು ಕಷ್ಟ, ತೂಗುವುದು ಸುಲಭ. ಜರ್ಮನಿಯ ಕ್ರೆಫೆಲ್ಡ್ ಊರಿನ ಹವ್ಯಾಸಿ ಕೀಟಾಸಕ್ತರ ಸಂಘವೊಂದು ಮಾಡಿದ್ದು ಅದನ್ನೇ. ಗುಡಾರದಂಥ ಬಲೆ ಕಟ್ಟಿ, ಮದ್ಯಸಾರದ ಬಾಟಲಿಗೆ ಬಿದ್ದ ಹಾರುವ ಕೀಟಗಳನ್ನೆಲ್ಲ ಸೋಸಿ ತೂಕ ಹಾಕಿದರು. 63 ಸಂರಕ್ಷಿತ ಜಾಗಗಳಲ್ಲಿ, 1989ರಿಂದ 2016ರವರೆಗೆ, ಪ್ರತಿಸಲವೂ ಒಂದೇ ಬಗೆಯ ಬಲೆ. 2017ರಲ್ಲಿ ಲೆಕ್ಕ ಹೊರಬಿತ್ತು. 27 ವರ್ಷಗಳಲ್ಲಿ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. ರಸ್ತೆಬದಿಯ ಕಥೆಯಾಗಿದ್ದರೆ ಬೇರೆ ಮಾತು. ಇದು ಕಾಪಾಡಿಕೊಂಡು ಬಂದ ಜಾಗಗಳ ಕಥೆ.

ಬ್ರಿಟನ್ನಿನಲ್ಲಿ 1980ರಿಂದ 2013ರವರೆಗಿನ ದಾಖಲೆ ನೋಡಿದಾಗ ಜೇನು ಮತ್ತು ಹೋವರ್ ನೊಣ ಎಂಬ ಹೂವಿಗೆ ಬರುವ ನೊಣಗಳ ಮೂರರಲ್ಲೊಂದು ಪಾಲು ಜಾತಿಗಳು ಮೊದಲಿದ್ದಷ್ಟು ಜಾಗಗಳಲ್ಲಿ ಕಾಣಿಸಲಿಲ್ಲ. ಅಮೆರಿಕದ ಫ್ರಾಂಕ್ಲಿನ್ ಬಂಬಲ್‌ಬೀ ಕೊನೆಯ ಸಲ ಕಣ್ಣಿಗೆ ಬಿದ್ದದ್ದು 2006ರಲ್ಲಿ, ಆರೆಗಾನ್‌ನ ಒಂದು ಬೆಟ್ಟದಲ್ಲಿ, ಒಂದೇ ಒಂದು. ಆಮೇಲೆ ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟು ವರ್ಷಗಳ ಲೆಕ್ಕ ಇರುವುದು ಹೆಚ್ಚಾಗಿ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ. ಕೀಟಗಳ ಬಗೆ ಅತಿ ಜಾಸ್ತಿ ಇರುವ ಬಿಸಿ ನಾಡುಗಳಲ್ಲಿ ಹಳೆಯ ಲೆಕ್ಕವೇ ಅಪರೂಪ. ಎಷ್ಟಿತ್ತು ಅಂತ ಬರೆದಿಟ್ಟಿಲ್ಲದಿದ್ದರೆ ಎಷ್ಟು ಹೋಯಿತು ಅಂತ ಹೇಳುವುದು ಹೇಗೆ?

ಜೇನುಪೆಟ್ಟಿಗೆಗಳ ಸಂಖ್ಯೆ ಏರುತ್ತಿದೆಯಂತೆ. ಹಾಗಿದ್ದರೆ ಗಾಬರಿ ಯಾಕೆ?

ಏರುತ್ತಿರುವುದು ನಿಜ. 1961ರಿಂದ ಈಚೆಗೆ ಜಗತ್ತಿನ ಸಾಕುಜೇನಿನ ಕುಟುಂಬಗಳು ಒಟ್ಟಾರೆ ಹೆಚ್ಚಾಗಿವೆ. ಆದರೆ ಅವು ಸಾಕುಪ್ರಾಣಿಗಳು. ಊರಲ್ಲಿ ಕೋಳಿ ಜಾಸ್ತಿಯಾಯಿತು, ಹಾಗಾಗಿ ಹಕ್ಕಿಗಳೆಲ್ಲ ಕ್ಷೇಮ ಅಂದಂತಾಯಿತು ಈ ವಾದ.

ಜಗತ್ತಿನ ಬೇರೆ ಬೇರೆ ಕಡೆ 41 ಬೆಳೆ ವ್ಯವಸ್ಥೆಗಳನ್ನು ಹೋಲಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಸಾಕದ ಕೀಟಗಳ ಭೇಟಿ ಹೆಚ್ಚಿದಾಗ ಕಾಯಿ ಕಚ್ಚುವುದು ಎಷ್ಟು ಏರಿತೋ, ಜೇನುನೊಣದ ಭೇಟಿ ಅಷ್ಟೇ ಹೆಚ್ಚಿದಾಗ ಏರಿದ್ದು ಅದರ ಅರ್ಧ ಮಾತ್ರ. ಕೂಲಿಯಿಲ್ಲದ ಈ ಕೆಲಸಗಾರರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಹೋದರೂ ಗೊತ್ತಾಗುವುದಿಲ್ಲ.

ಹಾಗಾದರೆ ಮನೆ ಮೇಲೆ ಜೇನುಪೆಟ್ಟಿಗೆ ಇಟ್ಟರೆ ಪ್ರಯೋಜನ ಇಲ್ಲವಾ?

ತುಪ್ಪ ಬೇಕಿದ್ದರೆ ಇಡಿ. ಜೇನು ಸಾಕಣೆ ಒಳ್ಳೆಯ ಕಸುಬು. ಕೀಟಗಳನ್ನು ಉಳಿಸಲು ಅಂತ ಇಡಬೇಡಿ. ಒಂದು ಪೆಟ್ಟಿಗೆಯಲ್ಲಿ ಹತ್ತಾರು ಸಾವಿರ ಬಾಯಿಗಳಿರುತ್ತವೆ. ಸುತ್ತ ಹೂವೇ ಕಮ್ಮಿ ಇದ್ದರೆ ಅವು ಒಂಟಿ ಜೇನುಗಳ ಪಾಲನ್ನೂ ನೆಕ್ಕಿ ಹೋಗುತ್ತವೆ, ರೋಗವನ್ನೂ ಹೂವಿನ ಮೇಲೆ ಬಿಟ್ಟು ಹೋಗಬಹುದು.

ಹೊರಗಿನ ಜೇನು ತಂದು ಬಿಡುವುದು ಇನ್ನೂ ದೊಡ್ಡ ತಲೆನೋವು. 1990ರ ದಶಕದ ಕೊನೆಗೆ ಚಿಲಿ ದೇಶ ಬೆಳೆಗಳ ಪರಾಗಸ್ಪರ್ಶಕ್ಕೆಂದು ಯುರೋಪಿನ ಬಂಬಲ್‌ಬೀ ತರಿಸಿತು. ಅದು ತಪ್ಪಿಸಿಕೊಂಡು 2006ರ ಹೊತ್ತಿಗೆ ಆಂಡಿಸ್ ಪರ್ವತ ದಾಟಿ ಅರ್ಜೆಂಟೀನಾ ಸೇರಿತ್ತು. ಅದು ಹೋದಲ್ಲೆಲ್ಲ ಅಲ್ಲಿನ ಕೇಸರಿ ಬಣ್ಣದ ದೈತ್ಯ ಬಂಬಲ್‌ಬೀ ಕಾಣೆಯಾಗುತ್ತ ಬಂದಿದೆ. ಜಗತ್ತಿನ ಅತಿ ದೊಡ್ಡ ಬಂಬಲ್‌ಬೀಗಳಲ್ಲಿ ಅದೂ ಒಂದು.

ಮೊಬೈಲ್ ಟವರ್‌ನಿಂದ ಸಾಯುತ್ತಿವೆ ಅಂತಾರಲ್ಲ?

ಟವರ್ ಮೇಲೆ ತಪ್ಪು ಹೊರಿಸುವಷ್ಟು ಗಟ್ಟಿ ಸಾಕ್ಷ್ಯ ಇಲ್ಲ. ಗಟ್ಟಿ ಸಾಕ್ಷ್ಯ ಇರುವ ಕಾರಣಗಳೇ ಸಾಕಷ್ಟಿವೆ.

ಮತ್ತೆ ನಿಜವಾದ ಕಾರಣ ಏನು?

ಒಂದೇ ಕಾರಣ ಹೇಳಿ ಅನ್ನುವವರೇ ಜಾಸ್ತಿ. ಹೇಳಲು ಆಗುವುದಿಲ್ಲ. ಎಲ್ಲವೂ ಒಂದರ ಮೇಲೊಂದು ಕೂರುತ್ತವೆ. ಹಸಿದ ಜೇನಿಗೆ ರೋಗ ಬೇಗ ತಗಲುತ್ತದೆ. ಔಷಧದ ಅಂಶ ಮೈಸೇರಿದ ಜೇನಿಗೆ ಹೂ ಹುಡುಕುವುದೇ ಕಷ್ಟವಾಗುತ್ತದೆ.

ಮೊದಲನೆಯದು ಜಾಗ. ಮೈಲಿಗಟ್ಟಲೆ ಒಂದೇ ಬೆಳೆ ಇದ್ದರೆ ಎರಡು ವಾರ ಹಬ್ಬ, ಉಳಿದ ವರ್ಷವೆಲ್ಲ ಉಪವಾಸ. ಬದು, ಬೇಲಿ, ಪಾಳುಜಾಗ, ಕಳೆಹೂಗಳೇ ಆ ಉಪವಾಸದ ದಿನಗಳ ಊಟ. ಕಳೆನಾಶಕ ಯಾವ ಹುಳವನ್ನೂ ನೇರವಾಗಿ ಕೊಲ್ಲದಿದ್ದರೂ ಅದರ ತಟ್ಟೆಯನ್ನು ಕಿತ್ತುಕೊಳ್ಳುತ್ತದೆ. ಮೊನಾರ್ಕ್ ಚಿಟ್ಟೆಯ ಮರಿಗೆ ತಿನ್ನಲು ಮಿಲ್ಕ್‌ವೀಡ್ ಎಂಬ ಹಾಲು ಸುರಿಯುವ ಕಳೆಯೇ ಬೇಕು. ಅಮೆರಿಕದ ಹೊಲಗಳಿಂದ ಆ ಕಳೆ ಹೋಯಿತು, ಚಿಟ್ಟೆಯೂ ಇಳಿಯಿತು.

ಎರಡನೆಯದು ಕೀಟನಾಶಕ. ಅದರಲ್ಲೂ ನಿಯೋನಿಕೋಟಿನಾಯ್ಡ್ ಗುಂಪಿನವು. ಇವನ್ನು ಬೀಜಕ್ಕೇ ಲೇಪಿಸಿ ಬಿತ್ತುತ್ತಾರೆ. ಗಿಡ ಬೆಳೆದಂತೆ ಔಷಧ ಎಲೆಗೂ ಹೂವಿಗೂ ಪರಾಗಕ್ಕೂ ಏರುತ್ತದೆ. ಲೇಪಿಸಿದ್ದರಲ್ಲಿ ಗಿಡ ಹೀರಿಕೊಳ್ಳುವುದು ಸಣ್ಣ ಪಾಲು, ಉಳಿದದ್ದು ಮಣ್ಣಿಗೆ, ನೀರಿಗೆ. ಬೇಲಿಯ ಕಾಡುಹೂವಿನಲ್ಲೂ ಅದು ಸಿಕ್ಕಿದೆ. ಇದರಿಂದ ಜೇನು ಅಲ್ಲೇ ಬಿದ್ದು ಸಾಯಬೇಕೆಂದೇನಿಲ್ಲ. ಫ್ರಾನ್ಸಿನ ಸಂಶೋಧಕರು 2012ರಲ್ಲಿ ಜೇನುಗಳ ಬೆನ್ನಿಗೆ ಪುಟಾಣಿ ಚಿಪ್ ಅಂಟಿಸಿ, ಇದೇ ಗುಂಪಿನ ಥಯಾಮೆಥಾಕ್ಸಮ್ ಎಂಬ ಔಷಧವನ್ನು ಇಷ್ಟೇ ಇಷ್ಟು ಕುಡಿಸಿ ದೂರ ಬಿಟ್ಟರು. ಕುಡಿಯದ ಜೇನುಗಳಿಗೆ ಹೋಲಿಸಿದರೆ ಇವುಗಳಲ್ಲಿ ದಾರಿ ತಪ್ಪಿ ಗೂಡಿಗೆ ಮರಳದವು ಜಾಸ್ತಿ. ಹೊಲದಲ್ಲಿ ಇಂಥ ಜೇನಿನ ಹೆಣ ಹುಡುಕಿದರೆ ಸಿಗುವುದಿಲ್ಲ. ಯುರೋಪಿಯನ್ ಒಕ್ಕೂಟ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಮ್ ಮೂರನ್ನೂ 2013ರಲ್ಲಿ ಭಾಗಶಃ ತಡೆಯಿತು. 2018ರಲ್ಲಿ ಬಯಲಿನ ಬೆಳೆಗಳಿಗೆ ಪೂರ್ತಿ ನಿಷೇಧಿಸಿತು.

ರೋಗ ಮತ್ತು ನುಸಿಯದ್ದು ಇನ್ನೊಂದು ಅಧ್ಯಾಯ. ವರೋವಾ ನುಸಿ ಮೂಲತಃ ನಮ್ಮ ತುಡುವೆ ಜೇನಿನ ಮೇಲೆ ಬದುಕುತ್ತಿತ್ತು. ತುಡುವೆಗೆ ಅದನ್ನು ಹೆಕ್ಕಿ ಎಸೆಯುವುದು ಗೊತ್ತು. ಎರಡೂ ಜೇನನ್ನು ಅಕ್ಕಪಕ್ಕ ಸಾಕಿದಾಗ ನುಸಿ ಯುರೋಪಿನ ಜೇನಿಗೆ ದಾಟಿತು. ಅದಕ್ಕೆ ಈ ಅಭ್ಯಾಸ ಅಷ್ಟಾಗಿ ಇಲ್ಲ. ಸೊಟ್ಟ ರೆಕ್ಕೆಯ ವೈರಸ್ಸೂ ನುಸಿಯ ಬೆನ್ನೇರಿ ಹರಡಿತು. ಬಹಳ ಕಾಲ ತಪ್ಪಿಸಿಕೊಂಡಿದ್ದ ಆಸ್ಟ್ರೇಲಿಯಾಕ್ಕೂ 2022ರಲ್ಲಿ ಈ ನುಸಿ ಕಾಲಿಟ್ಟಿತು.

ಬಿಸಿಲು ಏರಿದರೆ ಹುಳಗಳಿಗೇನು? ಅವಕ್ಕೆ ಬೆಚ್ಚಗಿದ್ದರೆ ಒಳ್ಳೆಯದಲ್ವಾ?

ಎಲ್ಲಕ್ಕೂ ಅಲ್ಲ. ದಪ್ಪ ರೋಮದ ಬಂಬಲ್‌ಬೀಗಳು ತಂಪು ನಾಡಿನವು. ಸೆಖೆ ಏರಿದ ಹಾಗೆ ಅವು ಹಳೆಯ ಜಾಗಗಳನ್ನು ಬಿಡುತ್ತಿವೆ. ಇನ್ನೊಂದು ತೊಡಕು, ಹೂ ಅರಳುವ ದಿನ ಮತ್ತು ಹುಳ ಹೊರಬರುವ ದಿನ ತಾಳೆಯಾಗದಿರುವುದು. ಕೆಲವೇ ವಾರ ಬದುಕುವ ಒಂಟಿ ಜೇನಿಗೆ ಹತ್ತು ದಿನದ ವ್ಯತ್ಯಾಸ ಅಂದರೆ ತಮಾಷೆಯಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯೇ ಸಂಗತಿ. ಅಮೆರಿಕದ ಸಂಗ್ರಹಾಲಯದಲ್ಲಿ 1842ರಿಂದ ಒಣಗಿಸಿಟ್ಟ ಗೋಲ್ಡನ್‌ರಾಡ್ ಹೂಗಳಿವೆ. ಅವುಗಳ ಪರಾಗವನ್ನು ಈಗಿನ ಹೂಗಳ ಪರಾಗದ ಜೊತೆ ಹೋಲಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಪರಾಗದ ಪ್ರೋಟೀನ್ ಸುಮಾರು ಮೂರರಲ್ಲೊಂದು ಪಾಲು ಇಳಿದಿತ್ತು. ಅಂದರೆ ಹೂವು ಸಿಕ್ಕರೂ ಊಟ ಸಪ್ಪೆ.

ರಾತ್ರಿ ದೀಪದಿಂದಲೂ ತೊಂದರೆ ಇದೆಯಾ?

ಇದೆ. ರಾತ್ರಿ ಪಾಳಿಯನ್ನು ನಾವು ಮರೆತೇಬಿಡುತ್ತೇವೆ. ಸ್ವಿಟ್ಜರ್‌ಲೆಂಡಿನಲ್ಲಿ ಕತ್ತಲ ಹುಲ್ಲುಗಾವಲುಗಳಿಗೆ ಬೀದಿದೀಪ ಹಾಕಿ ನೋಡಿದರು. ಪತಂಗ ಮೊದಲಾದ ರಾತ್ರಿ ಕೀಟಗಳ ಭೇಟಿ 62% ಕಮ್ಮಿಯಾಯಿತು. ಒಂದು ಗಿಡದಲ್ಲಿ ಕಾಯಿ 13% ಕಡಿಮೆ ಬಂತು, ಹಗಲಿನ ಹುಳಗಳು ಎಂದಿನಂತೆ ಬಂದು ಹೋಗುತ್ತಿದ್ದರೂ.

ಜೇನು ಅಳಿದರೆ ಮನುಷ್ಯ ನಾಲ್ಕೇ ವರ್ಷ ಬದುಕುತ್ತಾನೆ ಅಂತ ಐನ್‌ಸ್ಟೈನ್ ಹೇಳಿದ್ದಾರಂತೆ?

ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಅವರು ತೀರಿಕೊಂಡಿದ್ದು 1955ರಲ್ಲಿ. ಈ ಮಾತು ಅವರ ಹೆಸರಲ್ಲಿ ಜೋರಾಗಿ ಓಡಾಡತೊಡಗಿದ್ದು 1990ರ ದಶಕದಲ್ಲಿ. ಮಾತು ನಿಜವೂ ಅಲ್ಲ. ಅಕ್ಕಿ, ಗೋಧಿ, ಜೋಳ ಯಾವುದಕ್ಕೂ ಹುಳದ ಹಂಗಿಲ್ಲ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಹಸಿವಿನಿಂದ ಸಾಯುವುದಿಲ್ಲ ಅಂದಮೇಲೆ ತಲೆ ಯಾಕೆ ಕೆಡಿಸಿಕೊಳ್ಳಬೇಕು?

ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳು 115 ಎಂದು ಲೆಕ್ಕ ಹಿಡಿದರೆ ಅದರಲ್ಲಿ 87 ಬೆಳೆಗಳಿಗೆ ಪ್ರಾಣಿಗಳ ಪರಾಗಸ್ಪರ್ಶದಿಂದ ಸ್ವಲ್ಪವೋ ಪೂರ್ತಿಯೋ ಲಾಭ ಇದೆ. ಆದರೆ ತೂಕದ ಲೆಕ್ಕದಲ್ಲಿ ನೇರವಾಗಿ ಇವುಗಳ ದುಡಿಮೆಗೆ ಸಲ್ಲುವುದು 5ರಿಂದ 8% ಮಾತ್ರ. ಈ ಎರಡನೇ ಅಂಕಿ ಹಿಡಿದು, ಇಷ್ಟೇನಾ, ಎಂದು ಉಡಾಫೆ ಮಾಡುವವರಿದ್ದಾರೆ. ಆ ಸಣ್ಣ ಪಾಲಿನಲ್ಲಿ ಏನೇನಿದೆ ನೋಡಿ. ಹಣ್ಣು, ತರಕಾರಿ, ಬಾದಾಮಿಯಂಥ ಬೀಜಗಳು, ಎಣ್ಣೆಕಾಳು, ಕಾಫಿ, ಕೋಕೋ. ಎ ಮತ್ತು ಸಿ ವಿಟಮಿನ್, ಫೋಲೇಟ್‌ಗಳ ದೊಡ್ಡ ಪಾಲು ನಮಗೆ ಸಿಗುವುದು ಇಂಥ ಬೆಳೆಗಳಿಂದಲೇ. 2016ರಲ್ಲಿ ಐಪಿಬಿಇಎಸ್ ಎಂಬ, ಜೀವವೈವಿಧ್ಯದ ಕುರಿತ ಅಂತರಸರ್ಕಾರಿ ವೇದಿಕೆ ಇವುಗಳ ದುಡಿಮೆಗೆ ಕಟ್ಟಿದ ಬೆಲೆ ವರ್ಷಕ್ಕೆ 235ರಿಂದ 577 ಬಿಲಿಯನ್ ಡಾಲರ್.

ಕಾಡಿನ ಲೆಕ್ಕ ಇದರಲ್ಲಿ ಸೇರಿಲ್ಲ. ಕಾಡುಮರ ಕಾಯಿ ಕಟ್ಟದಿದ್ದರೆ ಹಣ್ಣು ತಿನ್ನುವ ಹಕ್ಕಿಗೇನು ಗತಿ? ಹುಳವನ್ನೇ ತಿಂದು ಮರಿ ಸಾಕುವ ಹಕ್ಕಿಗೆ?

ಕೈಯಿಂದಲೇ ಪರಾಗ ಹಚ್ಚಬಹುದಲ್ವಾ?

ಹಚ್ಚಬಹುದು, ಹಚ್ಚುತ್ತಲೂ ಇದ್ದಾರೆ. ವೆನಿಲ್ಲಾ ಬಹುಪಾಲು ಬರುವುದು ಹಾಗೆಯೇ. ಅದರ ಹೂವಿನೊಳಗಿನ ಪೊರೆಯನ್ನು ಕಡ್ಡಿಯಿಂದ ಸರಿಸಿ ಹೆಬ್ಬೆರಳಲ್ಲಿ ಒತ್ತುವ ಸುಲಭ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ. ಚೀನಾದ ಸಿಚುವಾನ್ ಪ್ರಾಂತ್ಯದ ಹಾನ್‌ಯುವಾನ್‌ನಲ್ಲಿ ಜನ ಪೇರ್ ಮರ ಹತ್ತಿ, ಬಿದಿರುಕಡ್ಡಿಗೆ ಕಟ್ಟಿದ ಕೋಳಿ ಪುಕ್ಕದಿಂದ ಹೂಹೂವಿಗೂ ಪರಾಗ ಸವರುತ್ತಾರೆ. ಔಷಧ ಹೊಡೆತಕ್ಕೆ ಹೆದರಿ ಜೇನು ಸಾಕುವವರು ಅತ್ತ ಪೆಟ್ಟಿಗೆ ತರುವುದನ್ನೇ ಬಿಟ್ಟಿದ್ದರು. ಬೆಲೆ ಹೆಚ್ಚಿರುವ ಹಣ್ಣಿಗೆ ಇದು ಗಿಟ್ಟೀತು. ಎಳ್ಳಿಗೆ, ಸಾಸಿವೆಗೆ ಯಾರು ಮಾಡುತ್ತಾರೆ? ರೋಬೋಟ್ ಜೇನಿನ ಸುದ್ದಿ ಓದಿದಾಗೆಲ್ಲ ನನಗೆ ನಗು ಬರುತ್ತದೆ. ತಾನೇ ಮರಿ ಮಾಡಿಕೊಂಡು ತಾನೇ ರಿಪೇರಿ ಆಗುವ ಯಂತ್ರ ಇರುವಾಗ ಅದನ್ನು ಕೊಂದು ಇದನ್ನು ಕಟ್ಟಬೇಕಂತೆ.

ನನ್ನ ಕೈಲಿ ಏನು ಮಾಡಲು ಆಗುತ್ತದೆ?

ಮೊದಲು ನನ್ನ ತಪ್ಪು ಹೇಳುತ್ತೇನೆ. ಅಂಗಳದ ಮೂಲೆಯಲ್ಲಿ ಗಟ್ಟಿ ಮಣ್ಣಿನ ಒಂದು ತುಂಡು ಜಾಗ ಇತ್ತು. ಅಲ್ಲಲ್ಲಿ ಪೆನ್ಸಿಲ್ ತೂರುವಷ್ಟು ತೂತು, ಪಕ್ಕದಲ್ಲಿ ಚಿಟಿಕೆ ಮಣ್ಣಿನ ಗುಪ್ಪೆ. ಇರುವೆ ಅಂದುಕೊಂಡು ಅಗೆದು, ಹದ ಮಾಡಿ, ಹೂಗಿಡ ನೆಟ್ಟೆ, ಜೇನು ಬರಲಿ ಅಂತ! ಅಗೆದ ಹೆಂಟೆಯೊಂದು ಒಡೆದಾಗ ಒಳಗೆ ನುಣ್ಣಗೆ ಮೆತ್ತಿದ ಪುಟ್ಟ ಕೋಣೆ, ಅದರಲ್ಲಿ ಹಳದಿ ಪರಾಗದ ಉಂಡೆ, ಮೇಲೆ ಬಿಳಿ ಅಕ್ಕಿಕಾಳಿನಂಥ ಮರಿ. ಆಗ ಗೊತ್ತಾಯಿತು ಯಾರ ಮನೆ ಅಗೆದೆ ಅಂತ. ಜೇನಿನಲ್ಲಿ ಹತ್ತರಲ್ಲಿ ಸುಮಾರು ಏಳು ಜಾತಿಗಳು ಬಿಲದಲ್ಲೇ ಇರುವುದು.

ಹಾಗಾಗಿ ಸ್ವಲ್ಪ ನೆಲವನ್ನು ಅಗೆಯದೆ, ಸಿಮೆಂಟ್ ಹಾಕದೆ ಬಿಡಿ. ಒಣಗಿದ ಕಾಂಡ, ಲಡ್ಡು ಮರ ಇದ್ದರೆ ಇರಲಿ, ಅಲ್ಲೂ ಬಾಡಿಗೆದಾರರಿದ್ದಾರೆ. ವರ್ಷವಿಡೀ ಒಂದಲ್ಲ ಒಂದು ಹೂ ಇರುವ ಹಾಗೆ ನೆಡಿ, ಎಸಳು ತುಂಬಿಸಿದ ಅಲಂಕಾರದ ತಳಿಗಳಲ್ಲಿ ಎಷ್ಟೋ ಸಲ ಮಕರಂದವೇ ಇರುವುದಿಲ್ಲ. ಔಷಧ ಹೊಡೆಯಲೇಬೇಕಿದ್ದರೆ ಹೂ ಅರಳಿರುವಾಗ ಬೇಡ, ಹಗಲಲ್ಲಂತೂ ಬೇಡ, ಸಂಜೆ ಜೇನು ಮರಳಿದ ಮೇಲೆ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಾಡಿಸಿದಂತೆ ದುಂಡನೆ ತೂತು ಕಂಡರೆ ಔಷಧಕ್ಕೆ ಓಡಬೇಡಿ. ಎಲೆ ಕತ್ತರಿಸುವ ಜೇನು ಮರಿಗೆ ಹಾಸಿಗೆ ಒಯ್ದಿದೆ. ಗಿಡಕ್ಕೆ ಏನೂ ಆಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಜೇನಿನ ಹೋಟೆಲ್ ತರಲಾ?

ತೂತಿನ ಮರದ ದಿಮ್ಮಿ ಕೆಲವು ಜಾತಿಗೆ ಹಿಡಿಸುತ್ತದೆ. ವರ್ಷಕ್ಕೊಮ್ಮೆ ಸ್ವಚ್ಛ ಮಾಡದಿದ್ದರೆ ನುಸಿ, ಬೂಷ್ಟಿನ ಗೂಡಾಗುತ್ತದೆ. ಆ ತಾಳ್ಮೆ ಇದ್ದರೆ ತನ್ನಿ.

ಮಕ್ಕಳಿರುವ ಮನೆ. ಕಚ್ಚಿದರೆ?

ಗೂಡು ಕಟ್ಟುವ ಹೆಜ್ಜೇನಿನ ತಂಟೆಗೆ ಹೋಗಬಾರದು, ಅದು ಸರಿಯೇ. ಒಂಟಿ ಜೇನಿಗೆ ಕಾಯಲು ತುಪ್ಪದ ಉಗ್ರಾಣವೇ ಇಲ್ಲ, ಕೈಯಲ್ಲಿ ಹಿಚುಕಿದರೆ ಹೊರತು ಕುಟುಕುವುದು ಅಪರೂಪ. ಗಂಡು ಜೇನಿಗಂತೂ ಮುಳ್ಳೇ ಇಲ್ಲ. ಯಾರಿಗಾದರೂ ಅಲರ್ಜಿ ಇದ್ದರೆ ಮಾತ್ರ ವೈದ್ಯರ ಮಾತು ಕೇಳಿ ನಡೆಯಿರಿ.

ನೆಲದಲ್ಲಿ ಸುಸ್ತಾಗಿ ಬಿದ್ದ ಜೇನಿಗೆ ಜೇನುತುಪ್ಪ ಕೊಡಬಹುದಾ?

ತುಪ್ಪ ಬೇಡ, ಅದರಲ್ಲಿ ಬೇರೆ ಗೂಡಿನ ರೋಗಾಣು ಇರಬಹುದು. ಹತ್ತಿರದ ಹೂವಿನ ಮೇಲೆ ಎತ್ತಿಡಿ. ಹೂವೇ ಇಲ್ಲದಿದ್ದರೆ ಒಂದು ಹನಿ ಸಕ್ಕರೆ ನೀರು ಸಾಕು.

ಹೋದವು ಮರಳಿ ಬರುತ್ತವಾ?

ಪೂರ್ತಿ ಅಳಿದವು ಬರುವುದಿಲ್ಲ. ಹತ್ತಿರದಲ್ಲೆಲ್ಲೋ ಉಳಿದಿದ್ದರೆ ಬರುತ್ತವೆ. ಆದರೆ ಎಷ್ಟೋ ಸಣ್ಣ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರ್ ಆಚೆ ಹೋಗುವುದೇ ಇಲ್ಲ. ಆ ದೂರದೊಳಗೆ ಹೂವೂ ಇರಬೇಕು, ಬಿಲ ತೋಡಲು ನೆಲವೂ ಇರಬೇಕು. ನಾನು ಅಗೆದ ಮೂಲೆಯನ್ನು ಮತ್ತೆ ಹಾಗೇ ಬಿಟ್ಟೆ. ಎರಡು ವರ್ಷ ಏನೂ ಬರಲಿಲ್ಲ. ಮೂರನೇ ವರ್ಷ ನಾಲ್ಕು ತೂತು ಎಣಿಸಿದೆ.

ನಾನೂ ಎಣಿಸಬೇಕು. ಹೇಗೆ?

ಬಿಸಿಲಿರುವ, ಗಾಳಿ ಜಾಸ್ತಿ ಇಲ್ಲದ ದಿನ ಒಂದೇ ಗಿಡದ ಮುಂದೆ ಹತ್ತು ನಿಮಿಷ ಕೂತುಕೊಳ್ಳಿ. ಎಷ್ಟು ಹೂವಿದೆ ಬರೆದುಕೊಳ್ಳಿ. ಬಂದ ಹುಳಗಳ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಜೇನು, ನೊಣ, ಚಿಟ್ಟೆ, ಕಣಜ, ಇತರೆ ಅಂತ ಗೆರೆ ಎಳೆದರೂ ಆಯಿತು. ನಾಲ್ಕು ರೆಕ್ಕೆ, ಉದ್ದ ಮೀಸೆ ಇದ್ದರೆ ಜೇನು ಅಥವಾ ಕಣಜ. ಎರಡೇ ರೆಕ್ಕೆ, ಗಿಡ್ಡ ಮೀಸೆ, ಮುಖದ ತುಂಬ ಕಣ್ಣು ಇದ್ದರೆ ಜೇನಿನ ವೇಷದ ನೊಣ. ತಾರೀಖು, ಹೊತ್ತು ಹಾಕುವುದನ್ನು ಮರೆಯಬೇಡಿ. ಮುಂದಿನ ವರ್ಷ ಅದೇ ವಾರ, ಅದೇ ಗಿಡ. ಒಂದೂ ಬರದಿದ್ದರೆ ಸೊನ್ನೆ ಅಂತಲೇ ಬರೆಯಿರಿ, ಅದೂ ಒಂದು ಲೆಕ್ಕವೇ.